ಮುಸುಕು ಹೊದ್ದು ಓಡುವವರು

2008ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಲವು ಪ್ರಿಂಟರುಗಳ ಮೇಲೆ ಸಿನಿಮಾ ಕದ್ದ ಆರೋಪ ಬಂತು. ಕಾಗದ ನುಂಗಿ ಮಸಿ ಮೆತ್ತುವುದು ಬಿಟ್ಟರೆ ಬೇರೆ ವಿದ್ಯೆ ಅರಿಯದ ಬಡ ಯಂತ್ರಗಳು ಅವು. ಅವುಗಳ ಹೆಸರಿಗೇ ಹಕ್ಕುಸ್ವಾಮ್ಯ ಉಲ್ಲಂಘನೆಯ ನೋಟಿಸು ಬಂದಿತ್ತು. ಇದು ಯಾವುದೋ ಕಚೇರಿಯ ಎಡವಟ್ಟಲ್ಲ. ಮೈಕಲ್ ಪಿಯಾಟೆಕ್, ತದಯೋಶಿ ಕೊನೊ, ಅರವಿಂದ್ ಕೃಷ್ಣಮೂರ್ತಿ ಎಂಬ ಮೂವರು ಸಂಶೋಧಕರು ಬೇಕೆಂದೇ ಒಡ್ಡಿದ ಬಲೆ. ಬಿಟ್‌ಟೊರೆಂಟ್ ಜಾಲದಲ್ಲಿ ‘ಈ ಫೈಲು ಬೇಕು, ನನ್ನ ವಿಳಾಸ ಇಂಥದ್ದು’ ಎಂದು ಕೂಗುವಾಗ ಅವರು ತಮ್ಮ ವಿಳಾಸದ ಬದಲು ಪ್ರಿಂಟರಿನ ವಿಳಾಸ ಕೂಗಿದ್ದರು. ಪಟ್ಟಿ ಬರೆದುಕೊಳ್ಳುವ ಟ್ರ್ಯಾಕರ್ ಎಂಬ ಗುಮಾಸ್ತ ಯಂತ್ರ ಅದನ್ನು ಹಾಗೆಯೇ ಬರೆದುಕೊಂಡಿತು. ಆ ಪಟ್ಟಿ ನೋಡಿ ನೋಟಿಸು ಕಳಿಸುವ ಸಂಸ್ಥೆಗಳೂ ಅದನ್ನು ಹಾಗೆಯೇ ನಂಬಿದವು.

ಆ ಪಟ್ಟಿ ಎಷ್ಟು ಸಡಿಲ ಎಂಬುದು ಪ್ರಿಂಟರುಗಳಿಂದ ಗೊತ್ತಾಯಿತು. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ. ಯಾರು ಏನು ಇಳಿಸಿಕೊಳ್ಳುತ್ತಿದ್ದಾರೆ ಎಂಬ ಪಟ್ಟಿಯನ್ನು ಹೀಗೆ ಬೀದಿಯಲ್ಲಿ ತೂಗುಹಾಕಿದ್ದಾದರೂ ಏಕೆ? ಬಿಟ್‌ಟೊರೆಂಟ್ ಕಟ್ಟಿದ ಬ್ರಾಮ್ ಕೊಹೆನ್ ದಡ್ಡನಲ್ಲ. 2001ರಲ್ಲಿ ಅವನು ಆ ತಂತ್ರಾಂಶ ಹೊರಬಿಟ್ಟಾಗ ಅವನಿಗೆ ಬೇಕಿದ್ದದ್ದು ವೇಗ. ವೇಗಕ್ಕೆ ಪಟ್ಟಿ ಬೇಕಿತ್ತು.

ಹೇಗೆಂದರೆ, ಸಾಮಾನ್ಯ ವೆಬ್‌ಸೈಟಿನಿಂದ ಫೈಲು ಇಳಿಸುವುದು ಒಬ್ಬನೇ ಬಡಿಸುವ ಪಂಕ್ತಿಯಂತೆ. ಸಾವಿರ ಜನ ಕೂತರೆ ಸಾರು ಬರುವ ಹೊತ್ತಿಗೆ ಅನ್ನ ಆರಿರುತ್ತದೆ. ಪೀರ್-ಟು-ಪೀರ್ ಅಂದರೆ ಸರೀಕರ ಜಾಲ. ಇಲ್ಲಿ ಉಣ್ಣುವವರೇ ಬಡಿಸುತ್ತಾರೆ. ಫೈಲನ್ನು ಸಾಮಾನ್ಯವಾಗಿ 256 ಕಿಲೋಬೈಟಿನ ತುಂಡುಗಳಾಗಿ ಕತ್ತರಿಸಿ, ನನಗೆ ಸಿಕ್ಕ ತುಂಡನ್ನು ನಾನು ನಿಮಗೆ, ನಿಮಗೆ ಸಿಕ್ಕಿದ್ದನ್ನು ನೀವು ನನಗೆ ಕೊಡುತ್ತ ಹೋಗುವುದು. ಎಲ್ಲಕ್ಕಿಂತ ಕಡಿಮೆ ಜನರ ಬಳಿ ಇರುವ ತುಂಡನ್ನು ಮೊದಲು ತರಿಸಿಕೊಳ್ಳಬೇಕೆಂಬುದು ನಿಯಮ. ಹಾಗಾಗಿ ಯಾವ ತುಂಡೂ ಅಪರೂಪವಾಗಿ ಉಳಿಯುವುದಿಲ್ಲ. ಪಂಕ್ತಿ ಉದ್ದವಾದಷ್ಟೂ ಬಡಿಸುವ ಕೈಗಳೂ ಹೆಚ್ಚುತ್ತವೆ.

ಆದರೆ ಮನುಷ್ಯ ಮನುಷ್ಯನೇ. ಎಲೆ ಮಡಚಿ ಕೈತೊಳೆದು ಹೊರಡುವವರೇ ಹೆಚ್ಚು. 2000ದಲ್ಲಿ ಎಯ್ಟಾನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್ಮನ್ ಅವರು ನೂಟೆಲ್ಲಾ ಎಂಬ ಜಾಲವನ್ನು ಅಳೆದು ನೋಡಿದಾಗ ಶೇ 70ರಷ್ಟು ಬಳಕೆದಾರರು ಏನನ್ನೂ ಹಂಚುತ್ತಿರಲಿಲ್ಲ. ಬಂದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೇವಲ ಶೇ 1ರಷ್ಟು ಯಂತ್ರಗಳಿಂದ ಬರುತ್ತಿದ್ದವು. ಕೊಹೆನ್ ಈ ರೋಗಕ್ಕೆ ಕೊಟ್ಟ ಮದ್ದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮುಯ್ಯಾಳು. ಇವತ್ತು ನನ್ನ ಗದ್ದೆಯ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾನು. ಕೊಹೆನ್ ವಿವರಿಸಿದ ವ್ಯವಸ್ಥೆಯಲ್ಲಿ ಪ್ರತಿ ಕಂಪ್ಯೂಟರೂ 10 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ತನಗೆ ಹೆಚ್ಚು ವೇಗವಾಗಿ ಕೊಟ್ಟವರು ಯಾರು? ಸಾಮಾನ್ಯವಾಗಿ ಅಂಥ ನಾಲ್ವರಿಗೆ ತಾನೂ ಕೊಡುತ್ತದೆ, ಉಳಿದವರ ನಲ್ಲಿ ತಿರುಗಿಸಿ ನಿಲ್ಲಿಸುತ್ತದೆ. ಹೊಸಬರು ಪಾಪ, ಕೊಡಲು ಏನೂ ಇಲ್ಲದವರು. ಅವರಿಗಾಗಿ 30 ಸೆಕೆಂಡಿಗೊಬ್ಬ ಅಪರಿಚಿತನಿಗೆ ಪುಕ್ಕಟೆ ಅವಕಾಶ. ಇಷ್ಟೇ. ಪೊಲೀಸರಿಲ್ಲ, ಪಂಚಾಯಿತಿ ಇಲ್ಲ. ಆದರೂ ಜಾಲ ನಡೆಯಿತು.

ಕರ್ನಾಟಕದ ಪಟ್ಟಣಗಳಲ್ಲಿ ಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಲೆಕ್ಕವಿಲ್ಲದ ಬಳಕೆ ಎಂಬ ಯೋಜನೆ ಇತ್ತು. ನೆನಪಿರುವವರು ಈಗ ನಗುತ್ತಿರಬೇಕು. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಲಿನಕ್ಸ್ ಸಿ.ಡಿ.ಯ ಟೊರೆಂಟ್ ಹಚ್ಚಿ ಮತ್ತೆ ಮಲಗುತ್ತಿದ್ದ ಪೀಳಿಗೆ ಅದು. (ಲಿನಕ್ಸ್ ಮಾತ್ರವೇ ಎಂದು ಕೇಳಬೇಡಿ.) ಬೆಳಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಒಂದು ಉದ್ದ ಪಟ್ಟಿ. ಪೋಲೆಂಡ್, ಬ್ರೆಜಿಲ್, ತೈವಾನ್ ಎಂದು ಸಣ್ಣ ಸಣ್ಣ ಬಾವುಟಗಳು, ಪಕ್ಕದಲ್ಲಿ ಐಪಿ ವಿಳಾಸ, ಅವರು ಎಷ್ಟು ಕೊಟ್ಟರು, ನಾವೆಷ್ಟು ಕೊಟ್ಟೆವು. ಆಗ ಅದು ಖುಷಿ ಕೊಡುತ್ತಿತ್ತು. ನಮ್ಮ ಹೆಸರೂ ಅವರ ಪರದೆಯ ಮೇಲೆ ಹಾಗೆಯೇ ಕಾಣುತ್ತಿರುತ್ತದೆ ಎಂಬುದು ಹೊಳೆದದ್ದು ಬಹಳ ತಡವಾಗಿ.

ಅದು ಎಷ್ಟು ಕಾಣುತ್ತಿತ್ತು ಎಂಬುದನ್ನು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2010ರಲ್ಲಿ ತೋರಿಸಿದರು. ಒಂದೇ ಒಂದು ಯಂತ್ರ ಇಟ್ಟುಕೊಂಡು 103 ದಿನ ಬಿಟ್‌ಟೊರೆಂಟ್ ಜಾಲವನ್ನು ಗಮನಿಸಿ 14 ಕೋಟಿ 80 ಲಕ್ಷ ಐಪಿ ವಿಳಾಸಗಳನ್ನು ಕಲೆಹಾಕಿದರು. ಯಾವ ಬೀಗವನ್ನೂ ಅವರು ಒಡೆಯಲಿಲ್ಲ, ಕೇಳಿದರು ಅಷ್ಟೆ. ಜಾಲ ತಾನಾಗಿ ಹೇಳಿತು.

ಇಲ್ಲಿ ಗಂಟು ಬೀಳುತ್ತದೆ. ಮುಯ್ಯಾಳು ಪದ್ಧತಿ ನಡೆಯಬೇಕಾದರೆ ಯಾರು ಬಂದಿದ್ದರು ಎಂಬುದು ನೆನಪಿರಬೇಕು. ಮುಯ್ಯಿ ತೀರಿಸಲು ಮುಖ ಬೇಕು. ಎಲ್ಲರೂ ಮುಸುಕು ಹೊದ್ದು ನಾಟಿಗೆ ಬಂದರೆ ಸಂಜೆ ಯಾರ ಋಣ ಯಾರಿಗೆ? ಬಿಟ್‌ಟೊರೆಂಟಿನ ವೇಗ ತಂತಿಯಲ್ಲಿಲ್ಲ, ಯಾರ ಬಳಿ ಏನಿದೆ ಎಂಬ ತಿಳಿವಳಿಕೆಯಲ್ಲಿದೆ. ಅನಾಮಿಕತೆ ಅಂದರೆ ಅದೇ ತಿಳಿವಳಿಕೆಯನ್ನು ಅಡಗಿಸುವುದು.

* * *

ಅಡಗಿಸುವ ವಿದ್ಯೆಯ ಬೇರು ಇನ್ನೂ ಹಳೆಯದು. 1981ರಲ್ಲಿ ಡೇವಿಡ್ ಚಾಮ್ ಎಂಬ ಅಮೆರಿಕದ ಗೂಢಲಿಪಿ ತಜ್ಞ ಒಂದು ಉಪಾಯ ಬರೆದ. ಪತ್ರವನ್ನು ನೇರ ಕಳಿಸಬೇಡಿ. ಲಕೋಟೆಯೊಳಗೆ ಲಕೋಟೆ, ಅದರೊಳಗೆ ಇನ್ನೊಂದು ಲಕೋಟೆ ಇಟ್ಟು ಮಧ್ಯವರ್ತಿಗಳ ಕೈಗೆ ಕೊಡಿ. ಪ್ರತಿಯೊಬ್ಬನೂ ತನ್ನ ಲಕೋಟೆ ಮಾತ್ರ ಒಡೆದು ಒಳಗಿನದನ್ನು ಮುಂದಿನವನಿಗೆ ದಾಟಿಸುತ್ತಾನೆ. ತೊಂಬತ್ತರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಇದೇ ಯೋಚನೆ ಈರುಳ್ಳಿಯ ರೂಪ ತಾಳಿತು. ಅದರ ಮುಂದುವರಿದ ರೂಪವೇ ಟಾರ್. ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್, ಪಾಲ್ ಸೈವರ್ಸನ್ ಅದರ ವಿನ್ಯಾಸವನ್ನು 2004ರಲ್ಲಿ ಪ್ರಕಟಿಸಿದರು.

ಈರುಳ್ಳಿಗಿಂತ ನನಗೆ ಸರಿ ಅನ್ನಿಸುವುದು ಮನೆಗೆ ಮೋಲ್ಡಿಂಗ್ ಹಾಕುವ ದಿನ. ಕೆಳಗೆ ಕಾಂಕ್ರೀಟು ಕಲಸುವವರು, ಮೇಲೆ ಸುರಿಯುವವರು, ನಡುವೆ ಏಣಿಯುದ್ದಕ್ಕೂ ನಿಂತ ಸಾಲು. ಬಾಂಡ್ಲಿ ಕೈಯಿಂದ ಕೈಗೆ ಏರುತ್ತದೆ. ನಡುವಿನ ಮೆಟ್ಟಿಲಲ್ಲಿ ನಿಂತವಳಿಗೆ ಕೆಳಗಿನ ಕೈ ಗೊತ್ತು, ಮೇಲಿನ ಕೈ ಗೊತ್ತು. ಬಾಂಡ್ಲಿ ತುಂಬಿದವರಾರು, ಅದು ಯಾವ ಮೂಲೆಯಲ್ಲಿ ಬೀಳುತ್ತದೆ, ಅವಳಿಗೆ ಗೊತ್ತಿಲ್ಲ. ಟಾರ್ ಸಾಲಿನಲ್ಲಿ ಹೀಗೆ ಮೂವರು ನಿಲ್ಲುತ್ತಾರೆ. ಮೊದಲನೆಯವನಿಗೆ ನಾನು ಗೊತ್ತು, ನನ್ನ ಗುರಿ ಗೊತ್ತಿಲ್ಲ. ಕೊನೆಯವನಿಗೆ ಗುರಿ ಗೊತ್ತು, ನಾನು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ.

ಈಗ ಖರ್ಚಿನ ಲೆಕ್ಕ. ನೇರ ಕೊಟ್ಟಿದ್ದರೆ 1 ಜಿಬಿ ಫೈಲು ತಂತಿಯ ಮೇಲೆ ಒಂದು ಸಲ ಹೋಗುತ್ತಿತ್ತು. ಮೂವರು ನಡುವೆ ನಿಂತರೆ ನಾಲ್ಕು ಸಲ ಹೋಗಬೇಕು. ಒಂದೇ ಬಾಂಡ್ಲಿಯನ್ನು ನಾಲ್ಕು ಸಲ ಎತ್ತಿಕೊಟ್ಟಂತೆ. ಸಾಲಿನ ವೇಗ ಸಾಲಿನಲ್ಲಿರುವ ಅತಿ ನಿಧಾನದವನ ವೇಗ. ಜೊತೆಗೆ ದೂರ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಕಾಗೆ ಹಾರಿದಂತೆ ಅಳೆದರೂ ಏಳು ಸಾವಿರ ಕಿ.ಮೀ. ಮೀರುತ್ತದೆ. ಹೋಗಿಬರಲು ಬರೀ ಬೆಳಕಿಗೇ 70 ಮಿಲಿಸೆಕೆಂಡು ಬೇಕು. ಸಾಲಿನ ಒಬ್ಬ ಜರ್ಮನಿಯಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ, ಮತ್ತೊಬ್ಬ ನೆದರ್ಲೆಂಡ್ಸ್‌ನಲ್ಲಿ ನಿಂತರೆ ಅರ್ಧ ಸೆಕೆಂಡು ಯಾವ ಲೆಕ್ಕ?

ಅರ್ಧ ಸೆಕೆಂಡು ಕಾಯಲು ಯಾರಿಗೂ ಬೇಸರವಿಲ್ಲ ಎನ್ನುತ್ತೀರಿ. ನಿಜ. ವೇಗ ಎಂಬ ಒಂದೇ ಪದದಲ್ಲಿ ನಾವು ಎರಡು ಸಂಗತಿಗಳನ್ನು ತುರುಕುತ್ತೇವೆ. ನಲ್ಲಿ ತಿರುಗಿಸಿದ ಎಷ್ಟು ಹೊತ್ತಿಗೆ ನೀರು ಬಂತು ಎಂಬುದು ಒಂದು, ಬಂದ ಮೇಲೆ ಎಷ್ಟು ದಪ್ಪ ಬಂತು ಎಂಬುದು ಇನ್ನೊಂದು. ಮೊದಲನೆಯದು ತಡ, ಎರಡನೆಯದು ಹರಿವು. ಫೈಲು ಹಂಚಿಕೆಗೆ ಬೇಕಾದದ್ದು ಹರಿವು. ದುರದೃಷ್ಟವೆಂದರೆ ತಡ ಹರಿವನ್ನೂ ತಿನ್ನುತ್ತದೆ. ಕಳಿಸುವವನು ಇಷ್ಟು ಕಳಿಸಿ ‘ತಲುಪಿತು’ ಎಂಬ ಉತ್ತರಕ್ಕೆ ಕಾಯುತ್ತಾನೆ. ಟಾರ್‌ನಲ್ಲಿ ಬಹುಕಾಲ ಈ ಮಿತಿ ಒಂದು ಸಾಲಿಗೆ 1,000 ಪೊಟ್ಟಣ ಎಂದು ಕಲ್ಲಲ್ಲಿ ಬರೆದಿಟ್ಟಂತಿತ್ತು. ಪೊಟ್ಟಣಕ್ಕೆ ಸುಮಾರು 500 ಬೈಟು. ಹೋಗಿಬರಲು ಅರ್ಧ ಸೆಕೆಂಡಾದರೆ ಸೆಕೆಂಡಿಗೆ 10 ಲಕ್ಷ ಬೈಟು, ಅಂದರೆ ಹೆಚ್ಚೆಂದರೆ 1 ಎಂಬಿ. ನಿಮ್ಮ ಮನೆಗೆ ಎಷ್ಟೇ ದಪ್ಪ ಫೈಬರ್ ಬಂದಿರಲಿ, ಆ ಸಾಲಿನಲ್ಲಿ ಅದಕ್ಕಿಂತ ಹೆಚ್ಚು ಹರಿಯುತ್ತಿರಲಿಲ್ಲ. ದಟ್ಟಣೆ ನೋಡಿ ಹಿಗ್ಗುವ ಕುಗ್ಗುವ ಮಿತಿ ಟಾರ್‌ಗೆ ಬಂದದ್ದು 2022ರಲ್ಲಿ.

ಹಾಗಿದ್ದರೂ ಜನ ಟಾರ್ ಮೇಲೆ ಬಿಟ್‌ಟೊರೆಂಟ್ ಹರಿಸಿದರು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಾರ್‌ನ ಹೊರಬಾಗಿಲಿನಲ್ಲಿ, ಅಂದರೆ ಸಾಲಿನ ಕೊನೆಯವನ ಜಾಗದಲ್ಲಿ, ನಿಂತು ಎಣಿಸಿದಾಗ ಸಂಪರ್ಕಗಳ ಲೆಕ್ಕದಲ್ಲಿ ಬಿಟ್‌ಟೊರೆಂಟ್ ಶೇ 3ರ ಆಸುಪಾಸು, ಬೈಟುಗಳ ಲೆಕ್ಕದಲ್ಲಿ ಶೇ 40. ನೂರು ಜನ ಕುಡಿಯುವ ನೀರಿಗೆ ನಿಂತ ಕೊಳಾಯಿಗೆ ಮೂವರು ತೋಟದ ಪೈಪು ಸಿಕ್ಕಿಸಿದಂತೆ. ಟಾರ್‌ನ ಮಧ್ಯವರ್ತಿ ಯಂತ್ರಗಳೆಲ್ಲ ಸ್ವಯಂಸೇವಕರವು, ಅವರ ವಿದ್ಯುತ್ತು, ಅವರ ಬಾಡಿಗೆ. ಮುಸುಕು ನಮ್ಮದು, ಬೆವರು ಅವರದು.

ಬೆವರು ಸುರಿಸಿಯೂ ಮುಸುಕು ನಿಂತಿತೇ ಎಂದರೆ ಅದೂ ಇಲ್ಲ. ಹಿಂದೆ ಹೇಳಿದ ಇನ್ರಿಯಾ ತಂಡವೇ 2011ರ ಪ್ರಬಂಧದಲ್ಲಿ ತೋರಿಸಿದ್ದು: ಟಾರ್‌ನ ಆರು ಹೊರಬಾಗಿಲುಗಳನ್ನು 23 ದಿನ ನಡೆಸಿ ಹತ್ತು ಸಾವಿರದಷ್ಟು ಬಳಕೆದಾರರ ನಿಜ ವಿಳಾಸ ಹಿಡಿದರು. ಈರುಳ್ಳಿ ಸುಲಿಯಲಿಲ್ಲ. ಬಿಟ್‌ಟೊರೆಂಟ್ ತಂತ್ರಾಂಶ ತನ್ನ ಹಳೆಯ ಅಭ್ಯಾಸದಂತೆ ಒಳಗಿನ ಸಂದೇಶದಲ್ಲಿ ‘ನನ್ನ ವಿಳಾಸ ಇದು’ ಎಂದು ಪ್ರಾಮಾಣಿಕವಾಗಿ ಬರೆದು ಕಳಿಸುತ್ತಿತ್ತು! ಮೂರು ಲಕೋಟೆ ಹಾಕಿ, ಒಳಗಿನ ಕಾಗದದ ತುದಿಯಲ್ಲಿ ಸಹಿ, ಊರು, ಪಿನ್ ಕೋಡ್. ಇನ್ನೂ ಕೆಲವು ಮಾತುಗಳನ್ನು ಅದು ಯುಡಿಪಿ ಎಂಬ ಬೇರೆ ದಾರಿಯಲ್ಲಿ ಆಡುತ್ತಿತ್ತು. ಟಾರ್ ಆ ದಾರಿಯ ಸರಕು ಹೊರುವುದಿಲ್ಲ. ಆದ್ದರಿಂದ ಆ ಮಾತುಗಳು ಮುಸುಕಿಲ್ಲದೆ ನೇರ ಹೊರಹೋದವು. ಅದೇ ಸಾಲಿನಲ್ಲಿ ಅದೇ ಬಳಕೆದಾರ ನೋಡುತ್ತಿದ್ದ ವೆಬ್‌ಸೈಟುಗಳೂ ಇವುಗಳ ಜೊತೆಗೆ ಬಯಲಾದವು. ವೇಗಕ್ಕಾಗಿ ಹೆಸರು ಹೇಳಿಕೊಳ್ಳುವುದನ್ನೇ ಧರ್ಮ ಮಾಡಿಕೊಂಡ ತಂತ್ರಾಂಶಕ್ಕೆ ಮುಸುಕು ಹೊದಿಸಿದರೆ ಅದು ಮುಸುಕಿನೊಳಗಿಂದಲೇ ಹೆಸರು ಹೇಳಿತು.

* * *

ಮೂಲದಿಂದಲೇ ಮುಸುಕಿಗೆಂದು ಕಟ್ಟಿದ ಜಾಲಗಳೂ ಇವೆ. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಕ್ಲಾರ್ಕ್ 1999ರಲ್ಲಿ ಬರೆದ ಯೋಜನಾ ವರದಿಯಿಂದ ಹುಟ್ಟಿದ ಫ್ರೀನೆಟ್ ಅಂಥದ್ದು. ಇದರಲ್ಲಿ ಫೈಲು ಕೊಡುವವನು ಮನೆ ಬಾಗಿಲಲ್ಲಿ ಕಾಯುವುದೇ ಇಲ್ಲ. ಫೈಲನ್ನು 32 ಕಿಲೋಬೈಟಿನ ಎನ್‌ಕ್ರಿಪ್ಟ್ ಮಾಡಿದ ಚೂರುಗಳಾಗಿಸಿ ಜಾಲದೊಳಗೆ ಬಿತ್ತಿ ಎದ್ದು ಹೋಗುತ್ತಾನೆ. ಚೂರುಗಳು ಯಾರ್ಯಾರದೋ ಡಿಸ್ಕಿನಲ್ಲಿ ಕೂರುತ್ತವೆ. ಕೂತದ್ದು ಏನೆಂದು ಆ ಡಿಸ್ಕಿನ ಯಜಮಾನನಿಗೂ ತಿಳಿಯದು. ಬೇಕಾದವನು ಕೇಳಿದಾಗ ಬೇಡಿಕೆ ಕೈಯಿಂದ ಕೈಗೆ ಹೋಗಿ, ಬೇಡಿಕೆ ಹೋದ ದಾರಿಯಲ್ಲೇ ಚೂರು ಹಿಂದಿರುಗುತ್ತದೆ, ದಾರಿಯ ಮನೆಗಳಲ್ಲಿ ಒಂದೊಂದು ಪ್ರತಿ ಬಿಟ್ಟು.

ಈ ಕೊನೆಯ ಮಾತು ಮುಖ್ಯ. ಟಾರ್‌ನಲ್ಲಿ ಮಧ್ಯವರ್ತಿಯ ಶ್ರಮ ದಾಟಿಸಿದ ಕ್ಷಣಕ್ಕೇ ಮುಗಿಯುತ್ತದೆ. ಫ್ರೀನೆಟ್‌ನಲ್ಲಿ ಅದು ದಾಸ್ತಾನಾಗಿ ಉಳಿಯುತ್ತದೆ. ನಾಳೆ ಅದೇ ಬೀದಿಯ ಇನ್ನೊಬ್ಬ ಕೇಳಿದರೆ ಚೂರು ಪಕ್ಕದ ಮನೆಯಲ್ಲೇ ಇರುತ್ತದೆ. ಜನಪ್ರಿಯ ಫೈಲು ಹತ್ತಿರ ಬರುತ್ತದೆ, ಯಾರೂ ಕೇಳದ್ದು ಕ್ರಮೇಣ ಅಳಿಸಿಹೋಗುತ್ತದೆ. ಮುಸುಕಿಗೆ ತೆತ್ತ ಬೆಲೆಯಲ್ಲಿ ಒಂದಿಷ್ಟು ವೇಗವಾಗಿ ಮರಳುವ ವಿರಳ ಜಾಗ ಇದು.

ಇದೇ ಜಾಣ್ಮೆಯನ್ನು ಅತಿ ಹೆಚ್ಚು ಜನರ ಕೈಗೆ ತಲುಪಿಸಿದವನ ಕಥೆ ಜಪಾನಿನದು. 2002ರ ಮೇ ತಿಂಗಳಲ್ಲಿ ‘47’ ಎಂಬ ಅಂಕಿಯನ್ನೇ ಹೆಸರಾಗಿಟ್ಟುಕೊಂಡ ಅನಾಮಿಕನೊಬ್ಬ ವಿನ್ನಿ ಎಂಬ ತಂತ್ರಾಂಶ ಹೊರಬಿಟ್ಟ. ಆಗ ಜನಪ್ರಿಯವಾಗಿದ್ದ ವಿನ್‌ಎಮ್‌ಎಕ್ಸ್ ಎಂಬ ಫೈಲು ಹಂಚಿಕೆ ತಂತ್ರಾಂಶದ ಹೆಸರಿನ ಕೊನೆಯ ಎರಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹೆಜ್ಜೆ ಮುಂದಿಟ್ಟರೆ ಬರುವ ಹೆಸರು. ವಿನ್ನಿಯಲ್ಲಿ ಫೈಲು ಸದಾ ಸಾಲಿನ ಮೂಲಕ ಬರುವುದಿಲ್ಲ. ಹೆಚ್ಚಿನ ಸಲ ನೇರ ಬರುತ್ತದೆ, ಆಗೊಮ್ಮೆ ಈಗೊಮ್ಮೆ ಮಾತ್ರ ನಡುವೆ ಒಬ್ಬ ನಿಂತು ತನ್ನ ವಿಳಾಸವನ್ನೇ ಮೂಲದ ವಿಳಾಸವೆಂದು ಬರೆದಿಡುತ್ತಾನೆ. ನಿಂತವನ ಬಳಿ ಎನ್‌ಕ್ರಿಪ್ಟ್ ಆದ ಪ್ರತಿ ಉಳಿಯುತ್ತದೆ. ಆದ್ದರಿಂದ ನನಗೆ ಕೊಟ್ಟವನು ಮೂಲದವನೋ, ದಾರಿಹೋಕನೋ ಹೇಳಲಾಗದು. ಪೂರ್ತಿ ಮುಸುಕಲ್ಲ, ಅನುಮಾನದ ತೆಳು ಪರದೆ. ಅದಕ್ಕೆ ತೆರುವ ವೇಗವೂ ಅಲ್ಪ. ವೇಗದ ಸಂಪರ್ಕವಿರುವ ಯಂತ್ರಗಳನ್ನು ಮೇಲಿನ ಹಂತದಲ್ಲಿಟ್ಟು, ಒಂದೇ ರುಚಿಯವರನ್ನು ಹತ್ತಿರ ಹತ್ತಿರ ಜೋಡಿಸುವ ಉಪಾಯವೂ ಅದರಲ್ಲಿತ್ತು. ಎಂಜಿನಿಯರ್ ಒಬ್ಬ ಅಳೆದು ತೂಗಿ ಮಾಡಿದ ರಾಜಿ ಎಂದರೆ ಇದು. ಇವತ್ತಿಗೂ ನನಗೆ ಇದರ ಬಗ್ಗೆ ಬೆರಗಿದೆ.

‘47’ ಯಾರೆಂದು 2004ರ ಮೇ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕನಾಗಿದ್ದ ಇಸಾಮು ಕಾನೆಕೊ. ಹಕ್ಕುಸ್ವಾಮ್ಯ ಉಲ್ಲಂಘನೆಗೆ ನೆರವಾದನೆಂದು ಕ್ಯೋಟೊ ಪೊಲೀಸರು ಬಂಧಿಸಿದರು. ಹಿಂದಿನ ನವೆಂಬರಿನಲ್ಲಿ ಇಬ್ಬರು ಬಳಕೆದಾರರನ್ನು ಹಿಡಿದಿದ್ದವರು ಈಗ ಕತ್ತಿ ಮಸೆದವನನ್ನೂ ಹಿಡಿದರು. 2006ರಲ್ಲಿ ಕ್ಯೋಟೊ ಜಿಲ್ಲಾ ನ್ಯಾಯಾಲಯ 15 ಲಕ್ಷ ಯೆನ್ ದಂಡ ಹಾಕಿತು. 2009ರಲ್ಲಿ ಒಸಾಕಾ ಹೈಕೋರ್ಟ್ ಖುಲಾಸೆ ಮಾಡಿತು. 2011ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೆಕೊ 2013ರ ಜುಲೈನಲ್ಲಿ ತೀರಿಕೊಂಡರು, ವಯಸ್ಸು 42. ಏಳೂವರೆ ವರ್ಷ ಕೋರ್ಟಿಗೆ ಹೋಯಿತು, ಗೆದ್ದ ಮೇಲೆ ಉಳಿದದ್ದು ಒಂದೂವರೆ ವರ್ಷ.

ಈ ನಡುವೆ ಆ್ಯಂಟಿನ್ನಿ ಎಂಬ ವೈರಸ್ ವಿನ್ನಿ ಬಳಕೆದಾರರ ಕಂಪ್ಯೂಟರಿನ ಖಾಸಗಿ ಫೈಲುಗಳನ್ನು ಜಾಲಕ್ಕೆ ಚೆಲ್ಲಿತ್ತು. ಪೊಲೀಸ್ ಇಲಾಖೆಯ, ರಕ್ಷಣಾ ಪಡೆಯ ಕಡತಗಳೂ ಅದರಲ್ಲಿದ್ದವು. ವಿನ್ನಿ ಬಳಸಬೇಡಿ ಎಂದು 2006ರಲ್ಲಿ ಸರ್ಕಾರದ ಪರವಾಗಿ ಜನರನ್ನು ಕೇಳಿಕೊಂಡವರು ಆಗ ಮುಖ್ಯ ಸಂಪುಟ ಕಾರ್ಯದರ್ಶಿಯಾಗಿದ್ದ ಶಿಂಜೊ ಅಬೆ. ಸೋರಿದ್ದನ್ನು ವಾಪಸು ಪಡೆಯುವ ದಾರಿಯೇ ಇರಲಿಲ್ಲ. ಮೂಲವನ್ನು ಮರೆಸಲು ಊರೆಲ್ಲ ಇಟ್ಟ ಪ್ರತಿಗಳು, ಮೂಲವನ್ನು ಅಳಿಸಿದರೂ ಊರೆಲ್ಲ ಉಳಿದವು.

* * *

ಮೂರು ವರ ಕೇಳಿದರೆ ಎರಡೇ ಸಿಗುತ್ತವೆ ಎಂಬ ಮಾತನ್ನು ಗಣಿತವಾಗಿ ಬರೆದವರು ದೇಬಜ್ಯೋತಿ ದಾಸ್, ಸೆಬಾಸ್ಟಿಯನ್ ಮೈಸರ್, ಎಸ್ಫಂದಿಯಾರ್ ಮೊಹಮ್ಮದಿ, ಅನಿಕೇತ್ ಕಾಟೆ. 2018ರಲ್ಲಿ. ಗಟ್ಟಿಯಾದ ಅನಾಮಿಕತೆ, ಕಡಿಮೆ ತಡ, ಕಡಿಮೆ ಹೆಚ್ಚುವರಿ ಸರಕು: ಯಾವುದಾದರೂ ಎರಡನ್ನು ಆರಿಸಿಕೊಳ್ಳಿ ಎಂಬುದು ಅವರ ಪ್ರಬಂಧದ ಸಾರ.

ಸೀಟು ತುಂಬುವವರೆಗೂ ಹೊರಡದ ಟೆಂಪೊವನ್ನು ನೆನೆಯಿರಿ. ಕಿಟಕಿಗೆಲ್ಲ ಪರದೆ. ನಿಲ್ದಾಣದಲ್ಲಿ ಒಬ್ಬ ಪತ್ತೇದಾರ, ಮುಂದಿನ ಊರಿನಲ್ಲಿ ಇನ್ನೊಬ್ಬ. ಒಬ್ಬರೇ ಹತ್ತಿ ಒಬ್ಬರೇ ಇಳಿದರೆ ಪರದೆ ಇದ್ದೇನು ಬಂತು? ಹನ್ನೆರಡು ಜನ ಒಂದೇ ಬಣ್ಣದ ಮುಸುಕಿನಲ್ಲಿ ಹತ್ತಿ ಹನ್ನೆರಡು ಜನ ಇಳಿದರೆ ಯಾರು ಯಾರೆಂದು ಹೇಳಲಾಗದು. ಹಾಗಾಗಬೇಕಾದರೆ ಹನ್ನೆರಡು ಜನ ಸೇರುವವರೆಗೆ ಕಾಯಬೇಕು, ಅದು ತಡ. ಕಾಯಲು ಪುರುಸೊತ್ತಿಲ್ಲವೆಂದರೆ ಹನ್ನೊಂದು ಸೀಟಿಗೆ ಗೊಂಬೆ ಕೂರಿಸಿ ಹೊರಡಬೇಕು, ಅದು ಹೆಚ್ಚುವರಿ ಸರಕು. ಚಾಮ್ ಕಂಡ ಉಪಾಯ ಕಾಯುವ ಟೆಂಪೊ. ಟಾರ್ ಕಾಯುವುದೂ ಇಲ್ಲ, ಸೀಟು ತುಂಬಲು ಗೊಂಬೆ ಕೂರಿಸುವುದೂ ಇಲ್ಲ. ಹಾಗಾಗಿ ಎರಡೂ ನಿಲ್ದಾಣ ಕಾಯುವಷ್ಟು ಬಲವುಳ್ಳವನ ಮುಂದೆ ಅದು ನಿಲ್ಲದು. ಇದನ್ನು ಟಾರ್ ಕಟ್ಟಿದವರು ಮೊದಲ ಪ್ರಬಂಧದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇನ್ನು 4 ಜಿಬಿ ಫೈಲೆಂದರೆ ಆನೆ ಟೆಂಪೊ ಹತ್ತಿದಂತೆ. ಮುಸುಕು ಹಾಕಿದರೂ ಇಳಿಯುವಾಗ ಗುರುತು ಸಿಗುತ್ತದೆ. ಆನೆಯನ್ನು ಚೂರು ಮಾಡಿ ಬೇರೆ ಬೇರೆ ದಿನ ಸಾಗಿಸಬಹುದು. ಫ್ರೀನೆಟ್ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಅದರ ನಿಧಾನವನ್ನು ದೂರುವವರು ಇದನ್ನು ಮರೆಯುತ್ತಾರೆ.

ಕೆಲವು ಸಲ ವೇಗವೇ ಚಾಡಿಕೋರ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅದೇ ಬಳಗ 2010ರಲ್ಲಿ ಒನ್‌ಸ್ವಾರ್ಮ್ ಎಂಬ ಜಾಲವನ್ನು ಪ್ರಕಟಿಸಿತು. ಮುಖ್ಯವಾಗಿ ಪರಿಚಯದವರ ಮೂಲಕ ಫೈಲು ದಾಟುವ ವ್ಯವಸ್ಥೆ. ಫೈಲು ತನ್ನಲ್ಲೇ ಇದ್ದವನು ಥಟ್ಟನೆ ಉತ್ತರಿಸಿದರೆ ಸಿಕ್ಕಿಬೀಳುತ್ತಾನೆಂದು ಅದು ಬೇಕಂತಲೇ ಒಂದಿಷ್ಟು ಮಿಲಿಸೆಕೆಂಡು ಸುಮ್ಮನಿದ್ದು ಉತ್ತರಿಸುತ್ತಿತ್ತು. ಮರುವರ್ಷವೇ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬ್ರಯಾನ್ ಲೆವಿನ್ ತಂಡ ಆ ಮೌನವನ್ನೂ ಅಳೆದು ತೋರಿಸಿತು. ಇನ್ನೊಬ್ಬನನ್ನು ಕೇಳಿ ಬಂದು ಹೇಳಿದ್ದರೆ ಇಷ್ಟಾದರೂ ಹೊತ್ತಾಗಬೇಕಿತ್ತು, ಅದಕ್ಕಿಂತ ಬೇಗ ಉತ್ತರ ಬಂದರೆ ಫೈಲು ಇವನಲ್ಲೇ ಇದೆ. 2017ರಲ್ಲಿ ಅದೇ ತಂಡ ಫ್ರೀನೆಟ್‌ಗೂ ಒಂದು ಸಂಖ್ಯಾಶಾಸ್ತ್ರದ ಬಲೆ ಹೆಣೆಯಿತು. ಪಕ್ಕದ ಯಂತ್ರ ಒಂದು ಫೈಲಿನ ಎಷ್ಟು ಪಾಲು ಚೂರುಗಳನ್ನು ನನ್ನಲ್ಲಿ ಕೇಳುತ್ತದೆ ಎಂದು ಎಣಿಸಿ, ಕೇಳುತ್ತಿರುವುದು ತನಗಾಗಿಯೋ ಬೇರೆಯವರಿಗಾಗಿಯೋ ಎಂದು ಅಂದಾಜಿಸುವುದು. ಇವರ ಗುರಿ ಸಿನಿಮಾ ಕಳ್ಳರಲ್ಲ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಹಂಚುವವರು. ಈ ಮುಸುಕಿನಡಿ ಅವರೂ ಇದ್ದಾರೆ ಎಂಬುದನ್ನು ಅನಾಮಿಕತೆಯನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತವೆ. ಅದೇ ಮುಸುಕಿನಡಿ ಸರ್ಕಾರದ ಕಣ್ಣಿಗೆ ಅಂಜುವ ಪತ್ರಕರ್ತರೂ ಇದ್ದಾರೆ. ಜಾಲಕ್ಕೆ ವ್ಯತ್ಯಾಸ ತಿಳಿಯದು, ತಿಳಿಯದಂತೆಯೇ ಅದನ್ನು ಕಟ್ಟಿರುವುದು.

ಮೇಲಿನದನ್ನೆಲ್ಲ ಓದಿದರೆ ವೇಗ ಮತ್ತು ಮುಸುಕು ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅನ್ನಿಸುತ್ತದೆ. ಅಷ್ಟು ಸರಳವಾಗಿದ್ದರೆ ಚೆನ್ನಾಗಿತ್ತು. ಜಾತ್ರೆಯಲ್ಲಿ ಮರೆಯಾಗುವುದು ಸುಲಭ, ಏಕೆಂದರೆ ಜಾತ್ರೆಯಲ್ಲಿ ಜನ ಇರುತ್ತಾರೆ. ಖಾಲಿ ಮೈದಾನದಲ್ಲಿ ಮುಸುಕು ಹಾಕಿ ನಿಂತರೆ ಮುಸುಕೇ ಗುರುತು. ಅನಾಮಿಕ ಜಾಲ ತೀರಾ ನಿಧಾನವಾದರೆ ಸುಮ್ಮನೆ ಬಂದವರು ಎದ್ದು ಹೋಗುತ್ತಾರೆ, ನಿಜವಾಗಿ ಹೆದರಿಕೆ ಇರುವ ನಾಲ್ಕು ಜನ ಉಳಿಯುತ್ತಾರೆ. ಆ ನಾಲ್ವರಲ್ಲಿ ಒಬ್ಬನನ್ನು ಹುಡುಕುವುದು ಪತ್ತೇದಾರನಿಗೆ ಮಧ್ಯಾಹ್ನದ ಕೆಲಸ. ಡಿಂಗಲ್‌ಡೈನ್ ಮತ್ತು ಮ್ಯಾಥ್ಯೂಸನ್ 2006ರಲ್ಲೇ ಈ ಮಾತು ಬರೆದರು: ಬಳಸಲು ಸುಲಭವಾಗಿರುವುದೇ ಭದ್ರತೆಯ ಭಾಗ, ಏಕೆಂದರೆ ಮರೆಗೆ ಗುಂಪು ಬೇಕು. ಹಾಗಾಗಿ ಟಾರ್‌ನವರು ಗಟ್ಟಿ ಮುಸುಕು ಬಿಟ್ಟು ತೆಳು ಮುಸುಕನ್ನು ಆರಿಸಿಕೊಂಡದ್ದನ್ನು ನಾನು ರಾಜಿಯೆಂದು ಕರೆಯಲಾರೆ. ಗಟ್ಟಿ ಮುಸುಕಿನ ಒಂಟಿತನಕ್ಕಿಂತ ತೆಳು ಮುಸುಕಿನ ಜಾತ್ರೆ ಮೇಲು ಎಂದು ಅವರು ಎಣಿಸಿದರು.

ಬಹುಪಾಲು ಜನ ಈ ಗೋಜಿಗೇ ಹೋಗದೆ ತಿಂಗಳಿಗಿಷ್ಟು ದುಡ್ಡು ಕೊಟ್ಟು ವಿಪಿಎನ್ ಹಾಕಿಕೊಳ್ಳುತ್ತಾರೆ. ನಡುವೆ ಒಬ್ಬನೇ, ಆದ್ದರಿಂದ ವೇಗ ಹೆಚ್ಚು ಕುಗ್ಗದು. ಆದರೆ ಆ ಒಬ್ಬನಿಗೆ ನಾನೂ ಗೊತ್ತು, ನನ್ನ ಗುರಿಯೂ ಗೊತ್ತು. ಭಾರತದಲ್ಲಿ ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ವಿಪಿಎನ್ ಕಂಪನಿಗಳಿಗೆ ಆದೇಶಿಸಿದಾಗ ಹಲವು ಕಂಪನಿಗಳು ತಮ್ಮ ಸರ್ವರುಗಳನ್ನು ದೇಶದಿಂದ ಹೊರಗೆ ಸಾಗಿಸಿದವು. ಅಂದಹಾಗೆ, ಯಾರೆಂದು ತಿಳಿಯದ ಪ್ರತಿವಾದಿಗೆ ನಮ್ಮ ನ್ಯಾಯಾಲಯಗಳು ಒಂದು ಹೆಸರಿಟ್ಟಿವೆ. ಹೊಸ ಸಿನಿಮಾ ಸೋರದಂತೆ ತಡೆಯಾಜ್ಞೆ ಕೊಡುವಾಗ ಎದುರು ಪಕ್ಷದಲ್ಲಿ ನಿಲ್ಲುವವನು ‘ಅಶೋಕ್ ಕುಮಾರ್’. ಇಡೀ ದೇಶದ ಟೊರೆಂಟುಗಳ ಹೊಣೆ ಹೊತ್ತವನು. ಸಿಯಾಟಲ್‌ನ ಪ್ರಿಂಟರುಗಳಿಗೆ ಈತ ದೂರದ ನೆಂಟನಿರಬೇಕು.

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಪೌವೆಲ್ಸೆ ತಂಡ ಬೆಳೆಸಿದ ಟ್ರೈಬ್ಲರ್ ಎಂಬ ತಂತ್ರಾಂಶ ಈ ಎಲ್ಲ ಜಗಳವನ್ನು ಬಳಕೆದಾರನ ಕೈಗೇ ಕೊಟ್ಟುಬಿಟ್ಟಿದೆ. ಅದು ಬಿಟ್‌ಟೊರೆಂಟನ್ನು ಟಾರ್‌ನ ಮೇಲೆ ಹೇರುವುದಿಲ್ಲ. ತನ್ನದೇ ಬಳಕೆದಾರರ ಯಂತ್ರಗಳಿಂದ ತನ್ನದೇ ಈರುಳ್ಳಿ ಸಾಲು ಕಟ್ಟುತ್ತದೆ. ಪರದೆಯ ಮೇಲೆ ಒಂದು ಜಾರುವ ಗುಂಡಿ ಇದೆ. ಒಂದು ತುದಿಗೆ ಎಳೆದರೆ ಹೆಚ್ಚು ವೇಗ, ಕನಿಷ್ಠ ಮುಸುಕು, ಇನ್ನೊಂದು ತುದಿಗೆ ಕಡಿಮೆ ವೇಗ, ಗಟ್ಟಿ ಮುಸುಕು. ಒಂದು ಕೈ, ಎರಡು ಕೈ, ಮೂರು ಕೈ. ಇಲ್ಲಿಯೂ ಹಳೆಯ ಪ್ರಶ್ನೆ ಬಾಗಿಲು ತಟ್ಟಿತು: ಎಲ್ಲರೂ ಮೂರು ಕೈ ಬೇಕೆಂದರೆ ಆ ಕೈಗಳು ಯಾರವು? ನಂತರದ ಆವೃತ್ತಿಗಳಲ್ಲಿ ಬೇರೆಯವರಿಗಾಗಿ ಹೊತ್ತ ಬೈಟುಗಳ ಲೆಕ್ಕ ಇಡುವ ಖಾತೆ ಬಂತು. ಹೊತ್ತವನಿಗೆ ಜಮೆ, ಹೊರಿಸಿದವನಿಗೆ ಖರ್ಚು. ಮುಯ್ಯಾಳು ಮತ್ತೆ ಬಂದ, ಈ ಸಲ ಮುಸುಕಿನ ಮೇಲೆ ಅಂಕಿ ಹೊಲಿಸಿಕೊಂಡು. ಅಂಕಿ ಬಹುಕಾಲ ಒಂದೇ ಇದ್ದರೆ ಅದೂ ಮುಖವಾಗಿಬಿಡುತ್ತದೆ. ಬದಲಿಸುತ್ತ ಹೋದರೆ ಜಮೆ ಕಳೆದುಹೋಗುತ್ತದೆ.

ಒಂದು ರಾತ್ರಿ ಟ್ರೈಬ್ಲರ್ ಹಾಕಿ, ಏನನ್ನೂ ಇಳಿಸದೆ, ಸುಮ್ಮನೆ ಬಿಟ್ಟು ನೋಡಿದ್ದೆ. ನಾನು ಏನೂ ಕೇಳಿರಲಿಲ್ಲ, ಆದರೂ ರೂಟರಿನ ದೀಪ ಮಿಣುಕುತ್ತಲೇ ಇತ್ತು. ಯಾರದೋ ಬಾಂಡ್ಲಿ ನನ್ನ ಕೈ ದಾಟಿ ಹೋಗುತ್ತಿತ್ತು. ಒಳಗೆ ಲಿನಕ್ಸ್ ಇತ್ತೋ, ನಿನ್ನೆ ಬಿಡುಗಡೆಯಾದ ಸಿನಿಮಾ ಇತ್ತೋ, ನೋಡಲು ದಾರಿಯಿರಲಿಲ್ಲ. ಕೆಳಗಿನ ಕೈ ಒಂದು ಅಂಕಿ, ಮೇಲಿನ ಕೈ ಇನ್ನೊಂದು ಅಂಕಿ. ಸ್ವಲ್ಪ ಹೊತ್ತು ದೀಪ ನೋಡುತ್ತ ಕೂತಿದ್ದೆ. ಆಮೇಲೆ ಆರಿಸಲೋ ಬೇಡವೋ ಎಂದು ಯೋಚಿಸುತ್ತಲೇ ಮಲಗಿದೆ.